ಒಬ್ಬಳಿಗೆ ಎರಡು ಬಾತ್‌ರೂಮ್

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬೆಲ್ ಆದರೆ ಅದು ಒಳ್ಳೆ ಸುದ್ದಿ ಆಗಿರಲ್ಲ. ಬಾಗಿಲು ತೆಗೆದರೆ ಕೆಳಗಿನ ಮನೆ ಆಂಟಿ. ನೈಟಿ ಮೇಲೆ ಟವೆಲ್ ಹೊದ್ದುಕೊಂಡು, ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ನಿಂತಿದ್ದರು. ಫೋಟೋದಲ್ಲಿ ಅವರ ಬಾತ್‌ರೂಮಿನ ಸೀಲಿಂಗು. ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಪಕ್ಕದ ಗೋಡೆಯಲ್ಲಿ ಕಂದು ಕಲೆ, ಆ ಗೋಡೆಯ ಆಚೆ ಬದಿಗೆ ಅವರ ದೇವರ ಕಪಾಟು.

"ನೋಡಮ್ಮ, ನೀನು ಸ್ನಾನ ಮಾಡಿದ ನೀರು ನಮ್ಮ ದೇವರ ಮೇಲೆ ಇಳೀತಾ ಇದೆ. ನಾನು ಏನೂ ಹೇಳಲ್ಲ. ನೀನೇ ಯೋಚನೆ ಮಾಡು."

ಹಾಗಂದಮೇಲೆ ಯೋಚನೆ ಮಾಡೋಕೆ ಏನು ಉಳೀತು?

ನನ್ನದು ನಾಗರಬಾವಿಯಲ್ಲಿ ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟು. ಐದು ವರ್ಷದ ಹಿಂದೆ ರೀಸೇಲ್‌ನಲ್ಲಿ ತಗೊಂಡಿದ್ದು, ಕಟ್ಟಡಕ್ಕೆ ಹದಿನಾಲ್ಕು ವರ್ಷ ಆಗಿದೆ. ಸಾಲ ತೀರಲು ಇನ್ನೂ ಅಷ್ಟೇ ವರ್ಷ ಬೇಕು. ತಗೊಳ್ಳುವಾಗ ಬಾಲ್ಕನಿ ನೋಡಲಿಲ್ಲ, ವಾಸ್ತು ನೋಡಲಿಲ್ಲ. ನೋಡಿದ್ದು ಎರಡು ಬಾತ್‌ರೂಮ್. ಇದನ್ನು ಆಫೀಸಿನಲ್ಲಿ ಹೇಳಿದರೆ ನಗುತ್ತಾರೆ. ಅವರಿಗೆ ಹೇಗೆ ಹೇಳೋದು?

ನಮ್ಮೂರು ಅರಸೀಕೆರೆ ತಾಲ್ಲೂಕಿನಲ್ಲಿ. ಚಿಕ್ಕವಳಿದ್ದಾಗ ಕೋಳಿ ಕೂಗುವ ಮೊದಲೇ ಅಮ್ಮ ಎಬ್ಬಿಸೋರು. ಚೊಂಬು ಹಿಡಿದು ಅಮ್ಮನ ಹಿಂದೆ ಕೆರೆಯಂಗಳದ ಕಡೆ ನಡೆಯೋದು. ಬೆಳಕು ಹರಿದರೆ ಗಂಡಸರು ಓಡಾಡ್ತಾರೆ, ಆಮೇಲೆ ಸಂಜೆ ಕತ್ತಲಾಗೋ ತನಕ ಇಲ್ಲ. ಮನೆ ಹಿಂದೆ ಕಕ್ಕಸು ಕಟ್ಟಿಸಿದ್ದು ನಾನು ಬಿ.ಇ. ಎರಡನೇ ವರ್ಷದಲ್ಲಿದ್ದಾಗ. ಹಾಸ್ಟೆಲ್ಲಿನಲ್ಲಿ ಒಂದು ಮಹಡಿಗೆ ನಾಲ್ಕು ಬಾತ್‌ರೂಮು, ಮೂವತ್ತು ಹುಡುಗಿಯರು, ಬಕೆಟ್ ಸಾಲು. ಪಿ.ಜಿ.ಯಲ್ಲಿ ಏಳು ಜನಕ್ಕೆ ಒಂದು, ಹೊರಗಿನಿಂದ ಬಾಗಿಲು ಬಡಿಯುತ್ತಾ "ಕ್ಯಾಬ್ ಬಂತು, ಬೇಗ" ಅನ್ನುವ ಒಬ್ಬಳು. ಅದಾದ ಮೇಲೆ ಒಬ್ಬಳಿಗೆ ಎರಡು! ಗೃಹಪ್ರವೇಶದ ದಿನ ಅಮ್ಮ ಎರಡಕ್ಕೂ ಬಾಗಿಲು ತೆಗೆದು ಇಣುಕಿ ನೋಡಿ ಕೇಳಿದ್ದು, "ಒಂದು ಹೊಟ್ಟೆಗೆ ಎರಡು ಕಕ್ಕಸ್ಸೇನೆ?"

ಈಗ ಎರಡೂ ಸೋರುತ್ತಿದ್ದವು.

ಬಂದ ಕಾಂಟ್ರಾಕ್ಟರ್ ಟೈಲ್ಸ್ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ, ತೆಂಗಿನಕಾಯಿ ಆರಿಸುವವರ ಹಾಗೆ ಕಿವಿಗೊಟ್ಟು ಕೇಳಿದರು. "ಪೂರ್ತಿ ಟೊಳ್ಳು ಮೇಡಂ. ಸಂಕನ್ ತುಂಬಾ ನೀರು ಕೂತಿದೆ." ಗೊತ್ತಿಲ್ಲದವರಿಗೆ ಹೇಳ್ತೀನಿ, ಯಾಕೆಂದರೆ ಒಂದಲ್ಲ ಒಂದು ದಿನ ನಿಮ್ಮ ಮನೆಯ ಬೆಲ್ಲೂ ಆಗುತ್ತೆ. ಫ್ಲ್ಯಾಟುಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಮನೆಯ ಉಳಿದ ನೆಲಕ್ಕಿಂತ ಸುಮಾರು ಒಂದಡಿ ಇಳಿಸಿ ಹಾಕಿರುತ್ತಾರೆ. ಆ ಗುಂಡಿಯಲ್ಲಿ ಪೈಪು ಓಡಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ಟೈಲ್ಸ್ ಸಂದಿನ ಸಿಮೆಂಟು ಸವೆದರೆ, ಇಲ್ಲಾ ಪೈಪಿನ ಜಾಯಿಂಟು ಬಿಟ್ಟರೆ, ನೀರು ಆ ಗುಂಡಿಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂರುತ್ತೆ. ಮೇಲೆ ಎಲ್ಲಾ ಚೆನ್ನಾಗೇ ಇರುತ್ತೆ. ಮೇಲೆ ಹೊಳೆಯುವ ಸ್ಕ್ರೀನು, ಕೆಳಗೆ ಹದಿನಾಲ್ಕು ವರ್ಷದಿಂದ ಯಾರೂ ಮುಟ್ಟದ ಕೋಡು. ನನಗೆ ತಕ್ಷಣ ಅರ್ಥವಾಯ್ತು. ಮೇಲೆ ಕೆಮಿಕಲ್ ಬಳಿದು ಮುಚ್ಚುವ ಅಗ್ಗದ ದಾರಿಯೂ ಒಂದಿತ್ತು. ಅಂಥ ಪ್ಯಾಚ್ ಹಾಕಿ ಹಾಕಿಯೇ ನಾನು ಸಂಬಳ ತಗೊಳ್ಳೋದು, ಅದರ ಆಯಸ್ಸು ಎಷ್ಟು ಅಂತ ಗೊತ್ತು. ಒಡೆಯಿರಿ ಅಂದೆ.

"ಇಪ್ಪತ್ತು ದಿನ ಮೇಡಂ. ಎರಡೂ ಮುಗಿಸಿ ಕೀ ಕೈಗೆ ಕೊಡ್ತೀನಿ" ಅಂದರು. ಆಮೇಲೆ ಮನೆಯೊಳಗೆ ಒಮ್ಮೆ ಕಣ್ಣಾಡಿಸಿ, "ಸಾರ್ ಯಾವಾಗ ಸಿಗ್ತಾರೆ? ಪೇಮೆಂಟ್ ಮಾತಾಡ್ಬೇಕಿತ್ತು."

"ಸಾರ್ ನಾನೇ" ಅಂದೆ. ಅವರಿಗೆ ನಗು ಬರಲಿಲ್ಲ.

ಒಬ್ಬಳೇ ಇರುವ ಮನೆಯಲ್ಲಿ ಕೆಲಸ ಮಾಡಿಸೋದು ಅಂದರೆ ಏನು ಅಂತ ಆವತ್ತಿಂದಲೇ ಗೊತ್ತಾಗತೊಡಗಿತು. ಬೇರೆ ಮನೆಗಳಲ್ಲಿ ಒಬ್ಬರು ಟೈಲ್ಸ್ ಅಂಗಡಿಗೆ ಹೋದರೆ ಇನ್ನೊಬ್ಬರು ಮನೆಯಲ್ಲಿರ್ತಾರೆ. ಒಬ್ಬರು ಜಗಳ ಆಡಿದರೆ ಇನ್ನೊಬ್ಬರು ಕಾಫಿ ಕೊಟ್ಟು ಸಮಾಧಾನ ಮಾಡ್ತಾರೆ. ಇಲ್ಲಿ ಜಗಳವೂ ನಾನೇ ಆಡಬೇಕು, ಕಾಫಿಯೂ ನಾನೇ ಮಾಡಬೇಕು. ಗುಜರಾತಿನ ಮೋರ್ಬಿಯಿಂದ ಬರುವ ಟೈಲ್ಸುಗಳಲ್ಲಿ ಬೂದು ಬಣ್ಣವೇ ನಲವತ್ತು ಥರ ಇರುತ್ತೆ. ಇದಾ ಅದಾ ಅಂತ ತಿರುಗಿ ಕೇಳೋಕೆ ಪಕ್ಕದಲ್ಲಿ ಯಾರೂ ಇಲ್ಲ. ಅಂಗಡಿ ಹುಡುಗನನ್ನೇ ಕೇಳಿದೆ. "ಎರಡೂ ಸೂಪರ್ ಮೇಡಂ" ಅಂದ.

ಅಮ್ಮ ಫೋನಿನಲ್ಲಿ ಒಂದೇ ಸಲಹೆ ಕೊಟ್ಟರು. "ಅಣ್ಣನ ಹಳೇ ಚಪ್ಪಲಿ ಅವೆಯಲ್ಲ, ಬಾಗಿಲಾಚೆ ಬುಡು. ಗಂಡಸು ಅವ್ನೆ ಅಂತ ಕಂಡ್ರೆ ಸಾಕು." ಬಿಟ್ಟೆ. ಹತ್ತನೇ ನಂಬರಿನ ಕಪ್ಪು ಚಪ್ಪಲಿ. ಜೊತೆಗೆ ಒಂದು ಸುಳ್ಳನ್ನೂ ತಯಾರು ಮಾಡಿಟ್ಟುಕೊಂಡೆ. ಅಣ್ಣ ಇಲ್ಲೇ ಇರೋದು, ನೈಟ್ ಶಿಫ್ಟು, ಹಗಲು ಮಲಗಿರ್ತಾನೆ. ಎರಡನೇ ದಿನವೇ ಟೈಲ್ಸ್ ಮೇಸ್ತ್ರಿ ಹಿಂದಿಯಲ್ಲಿ, ಭಾಯಿಸಾಬ್ ಮಲಗಿರೋವಾಗ ಡ್ರಿಲ್ ಹಾಕಬಹುದಾ ಅಂತ ಕೇಳಿದ. ಪಾಪ, ಬಿಹಾರದ ಹುಡುಗ, ನಿಜವಾದ ಕಾಳಜಿ. ಅವನಿಗೆ ಕುಂಭಕರ್ಣನ ನಿದ್ದೆ, ನೀನು ಹಾಕು ಅಂದೆ.

ಮೊದಲ ವಾರ ಬರೀ ಒಡೆಯೋದು. ಅಡುಗೆಮನೆ ಪ್ಲಾಸ್ಟಿಕ್ಕಿನೊಳಗೆ. ಪಾತ್ರೆಗಳು ರಟ್ಟಿನ ಡಬ್ಬದಲ್ಲಿ. ಬೆಡ್‌ರೂಮಿನ ಟೇಬಲ್ ಮೇಲೆ ಒಂದು ಇಂಡಕ್ಷನ್ ಒಲೆ, ಅದರ ಪಕ್ಕ ಲ್ಯಾಪ್‌ಟಾಪು, ಅದರ ಪಕ್ಕ ಉಪ್ಪಿನಕಾಯಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ಧೂಳು ಬರುತ್ತೆ. ಅನ್ನದಲ್ಲಿ ಧೂಳು, ದಿಂಬಿನಲ್ಲಿ ಧೂಳು, ಕೀಬೋರ್ಡಿನಲ್ಲಿ ಎಫ್ ಒತ್ತಿದರೆ ಕರಕರ. ಕಾಲ್‌ನಲ್ಲಿದ್ದಾಗ ಮ್ಯೂಟ್ ತೆಗೆದು ಒಂದು ವಾಕ್ಯ, ಮತ್ತೆ ಮ್ಯೂಟ್. ಆಚೆ ಕಡೆಯಿದ್ದ ಮ್ಯಾನೇಜರ್, ನೀನು ಯುದ್ಧಭೂಮಿಯಿಂದ ಮಾತಾಡ್ತಿದ್ದೀಯಾ ಅಂದರು.

ಒಂದು ಮಧ್ಯಾಹ್ನ ಮೇಸ್ತ್ರಿಗೆ ಮುಕ್ಕಾಲು ಗಂಟೆ ನಿಲ್ಲಿಸು, ಮುಖ್ಯವಾದ ಮೀಟಿಂಗ್ ಇದೆ ಅಂದೆ. ಅವನು ಬಾಣಲಿಯಲ್ಲಿ ಕಲಸಿಟ್ಟಿದ್ದ ಸಿಮೆಂಟನ್ನು ತೋರಿಸಿದ. ಅರ್ಧ ಗಂಟೆ ದಾಟಿದರೆ ಇದು ಗಟ್ಟಿಯಾಗೋಕೆ ಶುರುವಾಗುತ್ತೆ ದೀದಿ, ಆಮೇಲೆ ನೀರು ಹಾಕಿ ಮತ್ತೆ ಕಲಸಿದರೆ ಬಲ ಇರಲ್ಲ. ನಿಮ್ಮ ಮೀಟಿಂಗ್ ಮುಂದಕ್ಕೆ ಹಾಕಬಹುದಲ್ವಾ? ಹಾಕಬಹುದಿತ್ತು. ಹಾಕಿದೆ. ಲೋಕವೇನೂ ಮುಳುಗಲಿಲ್ಲ. ಆ ಮೀಟಿಂಗ್ ಕೊನೆಗೆ ನಡೆಯಲೇ ಇಲ್ಲ.

ಇದೆಲ್ಲ 2024ರ ಮಾರ್ಚಿನಲ್ಲಿ. ಆ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತೆ. ಹಿಂದಿನ ವರ್ಷ ಮಳೆ ಕೈಕೊಟ್ಟು ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರಿಗೆ ದುಂಬಾಲು ಬೀಳುವ ಹಾಗಾಗಿತ್ತು. ಕುಡಿಯುವ ನೀರನ್ನು ಕಾರು ತೊಳೆಯೋಕೆ, ಗಿಡಕ್ಕೆ, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು. ಇಂಥ ಹೊತ್ತಿನಲ್ಲಿ ನಾನು ಬಾತ್‌ರೂಮ್ ಒಡೆಸಿ ಕೂತಿದ್ದೆ. ಲಿಫ್ಟಿನಲ್ಲಿ ಜನ ನನ್ನನ್ನು ನೋಡುವ ರೀತಿಯೇ ಬೇರೆ ಆಗಿತ್ತು. ಕೆಲಸಕ್ಕೆ ಅಂತ ಬೇರೆಯಾಗಿ ಬೋರಿನ ನೀರಿನ ಡ್ರಮ್ಮು ತರಿಸಿ, ಯಾರಾದರೂ ಕೇಳಿದರೆ ತೋರಿಸೋಕೆ ಅದರ ಬಿಲ್ಲು ಇಟ್ಟುಕೊಂಡಿದ್ದೆ.

ಈಗ ಬೀಗದ ವಿಷಯ ಹೇಳಬೇಕು.

ಕೆಲಸ ಶುರುವಾಗುವ ಹಿಂದಿನ ದಿನ ನಾನು ಇನ್ನೊಂದು ಬಾತ್‌ರೂಮಿಗೆ, ಅಂದರೆ ಹಾಲಿನಿಂದ ಹೋಗುವ ಕಾಮನ್ ಬಾತ್‌ರೂಮಿಗೆ, ಹೊರಗಿನಿಂದ ಒಂದು ಬೀಗ ತಂದು ಹಾಕಿದೆ. ಕಾಂಟ್ರಾಕ್ಟರ್‌ಗೆ ಹೇಳಿದೆ, "ಇದು ನನಗೆ ಇರೋ ಒಂದೇ ಬಾತ್‌ರೂಮ್. ಕೆಲಸದವರು ಕೆಳಗೆ ಹೋಗ್ಲಿ." ಅವರು "ಅದು ಗೊತ್ತಿರೋದೇ ಮೇಡಂ" ಅಂದರು. ಅಪಾರ್ಟ್‌ಮೆಂಟಿನ ನಿಯಮವೂ ಅದೇ. ನೋಟಿಸ್ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿ ಹಾಕಿದ್ದಾರೆ: ಸಾಮಾನು, ಅವಶೇಷ ಮೆಟ್ಟಿಲ ಮೂಲಕ, ಭಾನುವಾರ ಡ್ರಿಲ್ ಇಲ್ಲ, ಕೆಲಸಗಾರರು ಬೇಸ್‌ಮೆಂಟಿನ ಶೌಚಾಲಯ ಬಳಸತಕ್ಕದ್ದು. ನಾನೂ ಆ ನಿಯಮಗಳಿಗೆ ವಾರ್ಷಿಕ ಸಭೆಯಲ್ಲಿ ಕೈಯೆತ್ತಿದವಳೇ.

ಬಂದವರು ನಾಲ್ಕು ಜನ. ಬಿಹಾರದ ಮೇಸ್ತ್ರಿ, ಅವನ ತಮ್ಮ, ಪ್ಲಂಬರ್, ಮತ್ತೆ ಹೆಲ್ಪರ್ ಆಗಿ ಒಬ್ಬ ಹೆಂಗಸು. ಯಾದಗಿರಿ ಕಡೆಯವರು, ನಲವತ್ತರ ಹತ್ತಿರದ ವಯಸ್ಸು, ಸೀರೆ ಮೇಲೆ ಗಂಡಸರ ಫುಲ್ ತೋಳಿನ ಅಂಗಿ. ಒಡೆದ ಟೈಲ್ಸು, ಇಟ್ಟಿಗೆ ಚೂರನ್ನೆಲ್ಲ ಸಿಮೆಂಟ್ ಚೀಲಕ್ಕೆ ತುಂಬಿ ಹೊತ್ತು ಮೂರು ಮಹಡಿ ಇಳಿಯೋದು, ಖಾಲಿ ಚೀಲ ಹಿಡಿದು ಹತ್ತೋದು. ಒಂದು ದಿನಕ್ಕೆ ನಲವತ್ತು ಚೀಲ ಎಣಿಸಿದ್ದೇನೆ. ನಾನು ಅಕ್ಕ ಅಂತಿದ್ದೆ. ಅವರು ನನಗೆ ಅಕ್ಕಾರ ಅಂತಿದ್ದರು. ವಯಸ್ಸಿನ ಲೆಕ್ಕ ಇಬ್ಬರಿಗೂ ಬೇಕಿರಲಿಲ್ಲ.

ಬೆಳಿಗ್ಗೆ ಬಂದ ಕೂಡಲೇ ಅವರಿಗೆಲ್ಲ ಒಂದು ದೊಡ್ಡ ಬಾಟಲಿ ನೀರು, ಹನ್ನೊಂದಕ್ಕೆ ಚಾ ಕೊಡ್ತಿದ್ದೆ. ಗಂಡಸರು ಬಾಟಲಿಯನ್ನು ಎತ್ತಿ ಗಟಗಟ ಸುರಿದುಕೊಳ್ಳೋರು. ಅಕ್ಕ ಮುಟ್ಟುತ್ತಿರಲಿಲ್ಲ. ಚಾ ಕೊಟ್ಟರೆ ಅರ್ಧ ಕುಡಿದು ಮಿಕ್ಕಿದ್ದನ್ನು ಮೇಸ್ತ್ರಿಯ ತಮ್ಮನಿಗೆ ಕೊಡೋರು. ನೀರು ಯಾಕೆ ಕುಡಿಯಲ್ಲ ಅಕ್ಕ ಅಂದರೆ, "ನೀರಡಿಕಿ ಆಗಂಗಿಲ್ರೀ" ಅನ್ನೋರು. ಮಾರ್ಚಿನ ಬಿಸಿಲಲ್ಲಿ, ದಿನಕ್ಕೆ ನಲವತ್ತು ಸಲ ಮೆಟ್ಟಿಲು ಹತ್ತಿಳಿಯುವವರಿಗೆ ನೀರಡಿಕೆ ಆಗಲ್ಲ! ನಾನು ನಂಬಿದೆ. ನಂಬೋದು ಸುಲಭವಾಗಿತ್ತು, ನಂಬಿದೆ.

ಒಂಬತ್ತನೇ ದಿನ ನೀರು ನಿಲ್ಲಿಸಿ ನೋಡುವ ಕೆಲಸ. ಹಳೇದನ್ನೆಲ್ಲ ತೆಗೆದು, ಹೊಸ ಪೈಪು ಹಾಕಿ, ಗುಂಡಿಗೆ ಎರಡು ಕೋಟು ವಾಟರ್‌ಪ್ರೂಫಿಂಗ್ ಬಳಿದು, ಅದು ಒಣಗಿದ ಮೇಲೆ ಪೈಪಿನ ಬಾಯಿ ಕಟ್ಟಿ, ಮೂರು ಇಂಚು ನೀರು ತುಂಬಿ ಎರಡು ದಿನ ಬಿಡಬೇಕು. ಕೆಳಗಿನ ಮನೆ ಸೀಲಿಂಗ್ ಒಣಗಿದ್ದರೆ ಪಾಸು. ಇದನ್ನು ಮಾತ್ರ ಬಿಡಬೇಡಿ. ಕಾಂಟ್ರಾಕ್ಟರ್ ಬೇಡ ಅಂದರೂ ಹಟ ಮಾಡಿ ಮಾಡಿಸಿ. ಎಂಟಡಿ, ಐದಡಿ, ಮೂರು ಇಂಚು. ಲೆಕ್ಕ ಹಾಕಿದರೆ 280 ಲೀಟರಿನ ಮೇಲೆ. ಊರೆಲ್ಲ ನೀರಿಗೆ ಬಾಯಿ ಬಿಡುವಾಗ ನಾನು ಬಾತ್‌ರೂಮಿನಲ್ಲಿ ಕೆರೆ ಕಟ್ಟಿಸುತ್ತಿದ್ದೆ. ಡ್ರಮ್ಮಿನಿಂದ ಬಕೆಟ್ಟಿನಲ್ಲಿ ಹೊತ್ತು ತಂದು ಸುರಿದದ್ದು ಅಕ್ಕ.

ಆವತ್ತು ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕೆರೆ ತೋರಿಸಿದೆ. ಅಮ್ಮನಿಗೆ ಖುಷಿ. ಎಷ್ಟು ಜನ ಆಳು, ಎಷ್ಟು ಕೂಲಿ, ಎಲ್ಲಾ ಕೇಳಿದರು. ಒಬ್ಬರು ಹೆಂಗಸು ಇದ್ದಾರೆ ಅಂದೆ.

"ಹೆಣ್ಣಾಳು ಎಲ್ಲಿಗೋಯ್ತಳೆ?"

"ಯಾದಗಿರಿ ಕಡೆಯವರಮ್ಮ, ಇಲ್ಲೇ ಹತ್ತಿರ ಶೆಡ್..."

"ಅದಲ್ಲ ಕಣೆ. ಎಲ್ಲಿಗೋಯ್ತಳೆ ಅಂತ ಕೇಳ್ದೆ."

ನನಗೆ ಅರ್ಥವಾಗೋಕೆ ಎರಡು ಸೆಕೆಂಡ್ ಬೇಕಾಯ್ತು. ಕೆಳಗೆ ಬೇಸ್‌ಮೆಂಟಿನಲ್ಲಿ ಇದೆಯಂತೆ ಅಂದೆ. ಅಂತೆ. ಐದು ವರ್ಷದಿಂದ ಈ ಕಟ್ಟಡದಲ್ಲಿದ್ದೀನಿ, ಒಮ್ಮೆಯೂ ನೋಡಿರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನ ಬಿ.ಇ. ಮೊದಲ ವರ್ಷದ ಫೀಸಿಗೆ ಅಂತ ಅಮ್ಮ ಒಂದು ಬೇಸಿಗೆ ಗಾರೆ ಕೆಲಸಕ್ಕೆ ಹೋಗಿದ್ದರು, ಪಕ್ಕದೂರಿನಲ್ಲಿ ಸ್ಕೂಲ್ ಕಟ್ಟುವಾಗ ಬಾಣಲಿ ಹೊರೋಕೆ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಆವತ್ತು ಹೇಳಿದರು. "ನಾವು ಹೆಂಗಸ್ರು ಸಂಜೆಗಂಟ ಬಾಯಿಗೆ ನೀರು ಹಾಕ್ತಿರ್ಲಿಲ್ಲ ಕಣವ್ವ. ಹಾಕಿದ್ರೆ ಹೋಗ್ಬೇಕಲ್ಲ. ಆಮೇಕೆ ಉರಿಮೂತ್ರ ಬಂದು ಒದ್ದಾಡ್ದೆ, ನೀನು ಹಾಸ್ಟೆಲ್ನಲ್ಲಿದ್ದೆ." ಅಷ್ಟು ಹೇಳಿ, ಸಾರಿಗೆ ಒಗ್ಗರಣೆ ಹಾಕಬೇಕು ಅಂತ ಇಟ್ಟುಬಿಟ್ಟರು.

ಮಾರನೇ ದಿನ ಬೆಳಿಗ್ಗೆ ಕೆಳಗೆ ಹೋಗಿ ನೋಡಿದೆ. ಜನರೇಟರ್ ರೂಮಿನ ಪಕ್ಕ, ತಗಡಿನ ಬಾಗಿಲು. ಬಲ್ಬ್ ಇಲ್ಲ. ಚಿಲಕ ಇರಬೇಕಾದ ಕಡೆ ನಾಲ್ಕು ತೂತು. ಸೆಕ್ಯುರಿಟಿಯವರು, ಡ್ರೈವರುಗಳು, ಕಾರು ತೊಳೆಯುವ ಹುಡುಗರು, ಎಲ್ಲರಿಗೂ ಅದೊಂದೇ. ಗಂಡಸರು ಹೊರಗೆ ನಿಂತು ಬೀಡಿ ಸೇದುತ್ತಿದ್ದರು. ನನ್ನನ್ನು ಕಂಡು ಮೇಡಂ ಏನಾಯ್ತು ಅಂತ ಗಾಬರಿಯಾದರು. ಒಳಗೆ ಕಾಲಿಡಲಿಲ್ಲ ನಾನು. ಕೆರೆಯಂಗಳವೇ ವಾಸಿ ಅನ್ನಿಸಿತು. ಅಲ್ಲಿ ಕತ್ತಲಾದರೂ ಇತ್ತು, ಅಮ್ಮ ಜೊತೆಗಿದ್ದರು.

ನಮ್ಮಂಥವರ ಒಂದು ಅಭ್ಯಾಸ, ಕಷ್ಟ ಬಂದರೆ ಡಾಕ್ಯುಮೆಂಟ್ ಹುಡುಕೋದು. ರಾತ್ರಿ ಕೂತು ಕಾನೂನು ಓದಿದೆ. ಕಟ್ಟಡ ಕಾರ್ಮಿಕರಿಗೆ ಅಂತಲೇ ಆಗ 1996ರದ್ದೊಂದು ಕೇಂದ್ರ ಕಾಯ್ದೆ ಇತ್ತು. ಅದರಲ್ಲಿ ಕುಡಿಯುವ ನೀರಿಗೆ ಒಂದು ಸೆಕ್ಷನ್, ಶೌಚಾಲಯಕ್ಕೆ ಇನ್ನೊಂದು. ಸಂತೋಷವಾಯ್ತು. ಆಮೇಲೆ ಮೊದಲ ಪುಟಕ್ಕೆ ಹೋಗಿ ಓದಿದರೆ, ಕಾಯ್ದೆ ಅನ್ವಯಿಸುತ್ತಿದ್ದದ್ದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ. ಸ್ವಂತ ವಾಸದ ಮನೆಗೆ ಹತ್ತು ಲಕ್ಷದೊಳಗಿನ ಕೆಲಸ ಮಾಡಿಸುವವರು ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ನನ್ನ ಮನೆಯಲ್ಲಿ ನಾಲ್ಕು ಜನ, ಎರಡು ಮುಕ್ಕಾಲು ಲಕ್ಷ. ಕಾನೂನಿನ ಪ್ರಕಾರ ನಾನು ಯಾವ ತಪ್ಪನ್ನೂ ಮಾಡಿರಲಿಲ್ಲ.

ಬೀಗ ತೆಗೆದೆ. ಇದನ್ನು ದೊಡ್ಡ ಸಾಹಸದ ಹಾಗೆ ಹೇಳೋಕೆ ನಾಚಿಕೆ. ಅಕ್ಕನನ್ನು ಕರೆದು, ಇದನ್ನು ಬಳಸಿ ಅಂದೆ. "ಬ್ಯಾಡ್ರೀ ಅಕ್ಕಾರ, ನಂಗ ರೂಢಿ ಅದ" ಅಂದರು. ಎರಡು ಸಲ ಹೇಳಿದೆ, ಹೋಗಲಿಲ್ಲ. ಮೂರನೇ ಸಲ, ನಮ್ಮಮ್ಮನೂ ಬಾಣಲಿ ಹೊತ್ತಿದ್ದಾರೆ, ನಿನ್ನೆ ಫೋನಲ್ಲಿ ನಿಮ್ಮನ್ನೇ ಕೇಳ್ತಿದ್ದರು ಅಂದೆ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು, ನನ್ನ ಮುಖದಲ್ಲಿ ಎಲ್ಲಿದೆ ಆ ಬಾಣಲಿ ಅಂತ ಹುಡುಕುವ ಹಾಗೆ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಹೊರಗೆ ಬರೋಕೆ ಹತ್ತು ನಿಮಿಷ. ಹೋಗಿ ನೋಡಿದರೆ ನೆಲವನ್ನೆಲ್ಲ ಬ್ರಷ್ ಹಾಕಿ ಉಜ್ಜಿ ತೊಳೆದಿದ್ದರು. ಪ್ರತಿ ಸಲವೂ ಹಾಗೇ. ಬೇಡ ಅಕ್ಕ ಅಂತ ಹೇಳಿ ಹೇಳಿ ನನಗೇ ಸಾಕಾಯ್ತು. ನಮ್ಮ ಮನೆ ಬಾತ್‌ರೂಮ್ ಅಷ್ಟು ಕ್ಲೀನಾಗಿ ಯಾವತ್ತೂ ಇರಲಿಲ್ಲ ಅಂತ ಹೇಳಿದರೆ ಅದು ತಮಾಷೆಯ ಮಾತಲ್ಲ.

ಹನ್ನೊಂದಕ್ಕೆ ಚಾ ಪೂರ್ತಿ ಕುಡಿದರು.

ಕಾಂಟ್ರಾಕ್ಟರ್‌ಗೆ ಇಷ್ಟವಾಗಲಿಲ್ಲ. "ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು ಮೇಡಂ. ಆಮೇಲೆ ನನಗೆ ಕಂಪ್ಲೇಂಟ್ ಹೇಳ್ಬೇಡಿ." ಸರಿ, ಎಲ್ಲರಿಗೂ ಅಂದೆ. ಮೇಸ್ತ್ರಿ ಮತ್ತವನ ತಮ್ಮ ಮಾತ್ರ ಕೆಳಗೇ ಹೋಗ್ತಿದ್ದರು. ಅವರಿಗೆ ಅದು ಬೀಡಿಯ ಬಿಡುವು, ನಾನು ಅದಕ್ಕೆ ಕಲ್ಲು ಹಾಕುವ ಹಾಗಿರಲಿಲ್ಲ. ಬೇಸ್‌ಮೆಂಟಿಗೆ ಬಲ್ಬು, ಚಿಲಕ ಹಾಕಿಸಿ ಅಂತ ಅಪಾರ್ಟ್‌ಮೆಂಟ್ ಕಮಿಟಿಗೆ ಮೇಲ್ ಬರೆದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಚರ್ಚಿಸಲಾಗುವುದು ಅಂತ ಉತ್ತರ ಬಂತು. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚಿಲಕ ತಂದೆ. ಮೇಸ್ತ್ರಿಯ ತಮ್ಮ ಹತ್ತು ನಿಮಿಷದಲ್ಲಿ ಹಾಕಿದ. ಬಲ್ಬು ಹಾಕಿದರೆ ಮೂರು ದಿನಕ್ಕೆ ಯಾರೋ ಬಿಚ್ಚಿಕೊಂಡು ಹೋದರು. ಚಿಲಕ ಇನ್ನೂ ಇದೆ.

ಮೊದಲ ಬಾತ್‌ರೂಮ್ ಮುಗಿಯೋಕೆ ಇಪ್ಪತ್ತಾರು ದಿನ. ನೀರು ನಿಲ್ಲಿಸಿದ್ದು ಪಾಸಾಯ್ತು. ಕೆಳಗಿನ ಆಂಟಿ ಸೀಲಿಂಗಿನ ಒಣ ಫೋಟೋ ಕಳಿಸಿ ಕೈಮುಗಿಯುವ ಗುರುತು ಹಾಕಿದರು. ಆ 280 ಲೀಟರನ್ನು ಅಕ್ಕ ಚೆಲ್ಲಲು ಬಿಡಲಿಲ್ಲ. ಮಗ್ಗಿನಲ್ಲಿ ಮೊಗೆದು ಮೊಗೆದು ಡ್ರಮ್ಮಿಗೆ ತುಂಬಿ, ಮುಂದಿನ ವಾರವೆಲ್ಲ ಸಿಮೆಂಟ್ ಕ್ಯೂರಿಂಗಿಗೆ ಅದನ್ನೇ ಹೊಡೆದರು.

ಆಮೇಲೆ ಕಾಮನ್ ಬಾತ್‌ರೂಮಿನ ಸರದಿ. ಆಗ ನನಗೊಂದು ವಿಷಯ ಹೊಳೆಯಿತು. ಈಗ ಬಳಸೋಕೆ ಇರೋದು ಹೊಸದು. ಅದು ಅಟ್ಯಾಚ್ಡ್. ಅಂದರೆ ಅದಕ್ಕೆ ದಾರಿ ನನ್ನ ಬೆಡ್‌ರೂಮಿನ ಮೂಲಕ. ಆ ರೂಮಿನಲ್ಲೇ ನನ್ನ ಇಡೀ ಬದುಕು ತುರುಕಿಕೊಂಡಿತ್ತು. ಹಾಸಿಗೆ, ಒಲೆ, ಆಫೀಸಿನ ಲ್ಯಾಪ್‌ಟಾಪು, ಒಗೆದು ಹರವಿದ ಒಳಬಟ್ಟೆ, ಅಮ್ಮನ ಎರಡು ಎಳೆ ಸರ ಇರುವ ಬೀರು.

ಹಾಲಿನ ಬಾಗಿಲು ತೆಗೆಯೋದು ಒಂದು, ಮಲಗುವ ಕೋಣೆಯದ್ದು ಇನ್ನೊಂದು. ಆ ಭಾನುವಾರ ಪೂರ್ತಿ ಯೋಚಿಸಿದೆ. ಏನೇನೋ ದಾರಿ ಹುಡುಕಿದೆ. ಪಕ್ಕದ ಮನೆಯವರನ್ನು ಕೇಳಲಾ? ಬೇಸ್‌ಮೆಂಟಿಗೆ ಚಿಲಕ ಹಾಕಿಸಿದ್ದೀನಲ್ಲ, ಇನ್ನು ಅಲ್ಲಿಗೇ ಹೋಗಬಹುದಲ್ಲ? ಬೀರು ಮುಂಚೆಯೇ ಬೀಗ ಹಾಕಿತ್ತು. ಆದರೂ ಸೋಮವಾರ ಬೆಳಿಗ್ಗೆ ಅಕ್ಕ ಬಂದು ಬಾಗಿಲಲ್ಲಿ ನಿಂತಾಗ ನನ್ನ ಕೈ ತಾನಾಗಿ ಬೀರಿನ ಹಿಡಿ ಎಳೆದು ನೋಡಿತು. ಬೀಗ ಬಿದ್ದಿದೆಯಾ ಅಂತ. ಕಟ್ ಅಂತ ಸದ್ದಾಯ್ತು. ಅಕ್ಕ ನೋಡಿದರು.

ಏನು ಹೇಳಬೇಕೋ ತೋಚಲಿಲ್ಲ. ಅವರೇ ಹೇಳಿದರು. "ಕೀಲಿ ಹಾಕಿದ್ದು ಛಲೋ ಆತು ಬಿಡ್ರೀ. ನಾಳಿಗೆ ಏನಾರ ಕಳದ್ರ ಮೊದಲ ನನ್ನ ಹೆಸರ ಬರ್ತದ."

ಒಂದಿಷ್ಟೂ ಬೇಸರವಿಲ್ಲದೆ, ಮಳೆ ಬರೋ ಹಾಗಿದೆ ಕೊಡೆ ತಗೋ ಅನ್ನುವ ದನಿಯಲ್ಲಿ. ಬೇಸರ ಮಾಡಿಕೊಂಡಿದ್ದರೆ ಕ್ಷಮೆ ಕೇಳಬಹುದಿತ್ತು. ನನಗೆ ಆ ದಾರಿಯೂ ಇಲ್ಲದಂತೆ ಆಯ್ತು. ಒಳಬಟ್ಟೆಗಳನ್ನು ಎತ್ತಿ ಬದಿಗಿಟ್ಟು ದಾರಿ ಬಿಟ್ಟೆ.

ಅವತ್ತೇ ಸಂಜೆ ಇರಬೇಕು, ಎಲ್ಲರೂ ಹೊರಟ ಮೇಲೆ ಅಕ್ಕ ಬಾಗಿಲ ಹತ್ತಿರ ಹಿಂದೆ ಉಳಿದರು. ಕಾಲಿನಿಂದ ಅಣ್ಣನ ಚಪ್ಪಲಿಯನ್ನು ತೋರಿಸಿ, ದನಿ ತಗ್ಗಿಸಿ ಅಂದರು. "ಇವು ಯಾರೂ ಹಾಕ್ಕೊಳ್ಳಂಗಿಲ್ಲಲ್ರೀ?"

ನನ್ನ ನೈಟ್ ಶಿಫ್ಟ್ ಸುಳ್ಳು ಬಾಯಿವರೆಗೆ ಬಂದು ಹಿಂದೆ ಹೋಯ್ತು.

"ಬಂದ ದಿನಾನೇ ಗೊತ್ತಾತ್ರಿ ನಂಗ. ಇಟ್ಟಲ್ಲೇ ಇದ್ವು, ಮ್ಯಾಲೆ ದೂಳ ಬಿದ್ದಿತ್ತು. ಗಂಡಸ್ರು ನೋಡಿದ್ರ ತಿಳೀತದ. ಅದಕ್ಕ ದಿನಾ ಕಸ ಹೊಡಿಬೇಕಾದ್ರ ಸ್ವಲ್ಪ ಹೊರಳಿಸಿ ಇಡ್ತೀನಿ. ಒಂದಿನ ಹಿಂಗ, ಒಂದಿನ ಹಂಗ."

ಸುಮಾರು ಒಂದು ತಿಂಗಳು. ನಾನು ಒಳಗೆ ಬಾತ್‌ರೂಮಿಗೆ ಬೀಗ ಹಾಕಿ ಕೂತಿದ್ದ ಆ ಮೊದಲ ಒಂಬತ್ತು ದಿನವೂ.

ಯುಗಾದಿಗೆ ಎರಡು ದಿನ ಮೊದಲು ಎಲ್ಲರೂ ರಜೆ ಹೋದರು. ಮೇಸ್ತ್ರಿ ಅಣ್ಣತಮ್ಮ ವಾಪಸ್ ಬಂದರು, ಅಕ್ಕ ಬರಲಿಲ್ಲ. ಕಾಂಟ್ರಾಕ್ಟರ್ ಕೇಳಿದರೆ, "ಊರಿಗೆ ಹೋದ್ರೆ ಅವ್ರು ಬರೋದು ಗ್ಯಾರಂಟಿ ಇಲ್ಲ ಮೇಡಂ, ಬೇರೆ ಸೈಟ್ ಸಿಕ್ಕಿರುತ್ತೆ. ಬೇರೆಯವರನ್ನ ಕಳಿಸ್ತೀನಿ" ಅಂದರು. ಫೋನ್ ನಂಬರ್ ಅವರ ಹತ್ತಿರವೂ ಇರಲಿಲ್ಲ, ಕರೆತಂದ ಇನ್ನೊಬ್ಬ ಮೇಸ್ತ್ರಿಯ ಹತ್ತಿರ ಇರಬೇಕಂತೆ, ಅವನು ಫೋನ್ ಎತ್ತಲ್ಲವಂತೆ. ನಾನು ಹಬ್ಬಕ್ಕೆ ಅಂತ ಒಂದು ಸೀರೆ ತೆಗೆದಿಟ್ಟಿದ್ದೆ. ರಜೆಗೆ ಹೋಗುವ ಮುಂಚೆ ಕೊಡಬೇಕಿತ್ತು. ಬಂದಮೇಲೆ ಕೊಡೋಣ, ಕೆಲಸ ಮುಗಿಯಲಿ ಅಂದುಕೊಂಡಿದ್ದೆ. ಸೀರೆ ಅದೇ ಬೀರಿನಲ್ಲಿದೆ.

ಬದಲಿಗೆ ಬಂದದ್ದು ಹದಿನೆಂಟು ದಾಟದಂತೆ ಕಂಡ ಹುಡುಗ. ದಾಟಿದೆ ಅಂತ ಆಧಾರ್ ಕಾರ್ಡ್ ತೋರಿಸಿದ. ಇಡೀ ದಿನ ಕಿವಿಗೆ ಇಯರ್‌ಫೋನು. ಮೊದಲ ದಿನವೇ ಅಣ್ಣನ ಚಪ್ಪಲಿಗಳನ್ನು ಒರೆಸಿ ಜೋಡಿಸಿ ಒಳಗಿನ ಸ್ಟ್ಯಾಂಡಿನಲ್ಲಿಟ್ಟ. ಸಾರ್ ಚಪ್ಪಲಿ ಧೂಳಾಗ್ತಿತ್ತು ಅಂದ. ಅವನು ಹೋದ ಮೇಲೆ ಮತ್ತೆ ಹೊರಗಿಟ್ಟೆ, ಒಂದನ್ನು ಸ್ವಲ್ಪ ಓರೆಯಾಗಿ.

ಇಪ್ಪತ್ತು ದಿನದ ಕೆಲಸ ನಲವತ್ತೇಳು ದಿನಕ್ಕೆ ಮುಗಿಯಿತು. ಈಗ ಎರಡೂ ಬಾತ್‌ರೂಮುಗಳು ಹೊಳೆಯುತ್ತಿವೆ. ಅಮ್ಮ ಬಂದು ನೋಡಿ, ಟೈಲ್ಸ್ ಮೇಲೆ ಕಾಲಾಡಿಸಿ, ಪರವಾಗಿಲ್ಲ ಜಾರಲ್ಲ ಅಂದರು. ಮೊದಲನೆಯದರಲ್ಲಿ ಇಳಿಜಾರು ಚೆನ್ನಾಗಿದೆ, ಒಂದು ಹನಿ ನಿಲ್ಲಲ್ಲ. ಎರಡನೆಯದರ ಮೂಲೆಯಲ್ಲಿ ಮಾತ್ರ ಅಂಗೈಯಗಲ ನೀರು ನಿಲ್ಲುತ್ತೆ. ದಿನಾ ಸ್ನಾನ ಆದಮೇಲೆ ಕಾಲಿನಿಂದ ಅದನ್ನು ತೂತಿನ ಕಡೆ ತಳ್ಳಬೇಕು. ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದರೆ "ನಾಳೆ ಪಕ್ಕಾ ಬರ್ತೀನಿ ಮೇಡಂ" ಅನ್ನುತ್ತಾರೆ. ಅದು ಮೇ ತಿಂಗಳ ಮಾತು.